ಕಾವಲಿನ ಕೋಶಗಳೇ ತಿರುಗಿಬಿದ್ದಾಗ

ಟೈಪ್ 1 ಮಧುಮೇಹ ಸಿಹಿ ತಿಂದು ಬರುವ ಕಾಯಿಲೆಯಲ್ಲ. ಸೋಂಕಿನಿಂದ ನಮ್ಮನ್ನು ಕಾಪಾಡಬೇಕಾದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಮೇದೋಜ್ಜೀರಕ ಗ್ರಂಥಿಯೊಳಗೆ ನುಗ್ಗಿ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನೇ ಶತ್ರುವೆಂದು ಬಗೆದು ಕೊಲ್ಲುವುದರಿಂದ ಅದು ಬರುತ್ತದೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವಿರಾಜಪೇಟೆಯಲ್ಲಿರುವ ನನ್ನ ಅಕ್ಕನ ಮಗಳಿಗೆ ಈ ಕಾಯಿಲೆ ಇದೆಯೆಂದು ಗೊತ್ತಾದಾಗಿನಿಂದ, ಮಗುವಿಗೆ ಚಾಕೊಲೇಟ್ ಕೊಟ್ಟು ಕೆಡಿಸಿದೆ ಎಂಬ ಮಾತನ್ನು ಅಕ್ಕ ಮದುವೆಮನೆಗಳಲ್ಲೂ ಕೇಳಬೇಕಾಗಿದೆ.

ಬೀಟಾ ಕೋಶವು ತನ್ನೊಳಗಿನ ಪ್ರೋಟೀನುಗಳ ತುಣುಕುಗಳನ್ನು ಎಚ್‌ಎಲ್‌ಎ ಅಣುಗಳ ಮೇಲಿರಿಸಿ ಹೊರಮೈಯಲ್ಲಿ ತೋರಿಸುತ್ತಿರುತ್ತದೆ. ಅವನ್ನು ಗುರುತಿಸುವ ಸಿಡಿ8 ಎಂಬ ಬಗೆಯ ಟಿ ಕೋಶವು ಪರ್ಫೊರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಯಲ್ಲಿ ರಂಧ್ರ ಕೊರೆದು, ಗ್ರಾನ್‌ಜೈಮ್ ಎಂಬ ಕಿಣ್ವವನ್ನು ಒಳಗೆ ಸೇರಿಸಿ ಕೋಶವನ್ನು ಸಾಯಿಸುತ್ತದೆ. ಸಿಡಿ4 ಎಂಬ ಇನ್ನೊಂದು ಬಗೆಯ ಟಿ ಕೋಶಗಳು ಈ ದಾಳಿಗೆ ಕುಮ್ಮಕ್ಕು ಕೊಡುತ್ತವೆ. ಅಕ್ಕನ ಮಗಳ ವರದಿಯಲ್ಲಿ ಕಂಡ ಜಿಎಡಿ ಪ್ರತಿಕಾಯಗಳು (ಬೀಟಾ ಕೋಶದ ಜಿಎಡಿ ಎಂಬ ಪ್ರೋಟೀನಿಗೆ ಅಂಟುವ ಪ್ರೋಟೀನುಗಳು) ಬಿ ಕೋಶಗಳೆಂಬ ಬೇರೆ ಬಿಳಿ ರಕ್ತಕಣಗಳ ಕಡೆಯಿಂದ ಬಂದವು. ಅವು ದಾಳಿ ನಡೆಯುತ್ತಿರುವುದರ ಸಾಕ್ಷಿಯೇ ಹೊರತು ಮುಖ್ಯ ಕೊಲೆಗಾರರಲ್ಲ.

ಸ್ವಂತ ದೇಹದ ಮೇಲೇ ತಿರುಗಿಬೀಳುವ ಇಂಥ ಟಿ ಕೋಶಗಳಲ್ಲಿ ಹೆಚ್ಚಿನವು ಎದೆಗೂಡಿನ ಥೈಮಸ್ ಗ್ರಂಥಿಯಲ್ಲೇ ನಾಶವಾಗುತ್ತವೆ. ತಪ್ಪಿಸಿಕೊಂಡವು ಆರೋಗ್ಯವಂತರಲ್ಲೂ ಇರುತ್ತವೆ, ಆದರೆ ನಿಯಂತ್ರಕ ಟಿ ಕೋಶಗಳು ಅವನ್ನು ಅಂಕೆಯಲ್ಲಿಡುತ್ತವೆ. ಈ ನಿಯಂತ್ರಕ ಕೋಶಗಳಿಗೆ ಬೇಕಾದ ಫಾಕ್ಸ್‌ಪಿ3 ಜೀನು ಕೆಟ್ಟಿರುವ ಗಂಡುಮಕ್ಕಳಲ್ಲಿ ಹಲವರಿಗೆ ಹಾಲು ಕುಡಿಯುವ ವಯಸ್ಸಿನಲ್ಲೇ ಮಧುಮೇಹ ಬರುತ್ತದೆ. ಹಾಲುಗೂಸಿಗೂ ಬರುವ ಕಾಯಿಲೆಗೆ ತಾಯಿ ಕೊಟ್ಟ ಸಿಹಿಯನ್ನು ದೂರುವುದು ಎಂಥ ಅನ್ಯಾಯ! ನಿಯಂತ್ರಕ ಕೋಶಗಳ ಈ ಕೆಲಸವನ್ನು ತೋರಿಸಿಕೊಟ್ಟ ವಿಜ್ಞಾನಿಗಳಾದ ಬ್ರಂಕೋ, ರ್‍ಯಾಮ್ಸ್‌ಡೆಲ್, ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಾಗ ನನಗೆ ನಿಜವಾಗಿಯೂ ಸಂತೋಷವಾಯಿತು.

ಟಿ ಕೋಶಗಳ ಹೊರಮೈಯಲ್ಲಿರುವ ಸಿಡಿ3 ಎಂಬ ಅಣುವಿಗೆ ಅಂಟಿಕೊಂಡು ದಾಳಿಯ ತೀವ್ರತೆಯನ್ನು ತಗ್ಗಿಸುವ ಟೆಪ್ಲಿಜುಮಾಬ್ ಎಂಬ ಔಷಧಿಗೆ 2022ರ ನವೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಅದು ಕಾಯಿಲೆಯನ್ನು ವಾಸಿಮಾಡುವುದಿಲ್ಲ. ಲಕ್ಷಣ ಕಾಣಿಸುವ ಮೊದಲೇ ಕೊಟ್ಟರೆ ಸರಾಸರಿ ಎರಡು ವರ್ಷ ಮುಂದೂಡುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದಾಗ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ಬಾಟಲಿಯನ್ನು ತಂಪಾಗಿಡುವ ಅಕ್ಕನಿಗೆ ಎರಡು ವರ್ಷದ ಬೆಲೆ ಚೆನ್ನಾಗಿ ಗೊತ್ತು. ಮಗಳಿಗೆ ಆ ಹಂತ ದಾಟಿಹೋಗಿದೆ. ಅವಳ ತಮ್ಮನ ರಕ್ತದಲ್ಲಿ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸುವ ಬಗ್ಗೆ ಈಗ ವೈದ್ಯರೊಂದಿಗೆ ಮಾತನಾಡುತ್ತಿದ್ದೇವೆ.