ಮೇಮಂದ್‌ಗೆ ಹೋಗುವವರೇ, ಊರಲ್ಲಿ ಜನ ಇರುವ ಕಾಲ ನೋಡಿಕೊಂಡು ಹೋಗಿ

ಮೊದಲು ಟ್ಯಾಕ್ಸಿ ವಿಷಯ ಹೇಳಿಬಿಡುತ್ತೇನೆ. ಹೊಟ್ಟೆಯುರಿ ಇನ್ನೂ ಆರಿಲ್ಲ.

ಇರಾನಿನ ಕೆರ್ಮಾನ್ ಪ್ರಾಂತ್ಯದ ಶಹ್ರ್-ಎ-ಬಾಬಕ್‌ವರೆಗೆ ಬಸ್ ಇದೆ. ಅಲ್ಲಿಂದ ಗುಹೆಮನೆಗಳ ಹಳ್ಳಿ ಮೇಮಂದ್‌ಗೆ ಸುಮಾರು 35 ಕಿ.ಮೀ. ಟ್ಯಾಕ್ಸಿಯವನು "ಪಾನ್ಸದ್" ಅಂದ, ಅಂದರೆ ಐನೂರು. ನಾನು 5 ಲಕ್ಷ ರಿಯಾಲ್ ಅಂದುಕೊಂಡು ಹತ್ತಿದೆ. ಇಳಿದಾಗ ಕೇಳಿದ್ದು 50 ಲಕ್ಷ! ನೋಟಿನ ಮೇಲೆ ಇರುವುದು ರಿಯಾಲ್, ಜನರ ಬಾಯಲ್ಲಿ ಇರುವುದು ತೋಮಾನ್. 10 ರಿಯಾಲ್‌ಗೆ 1 ತೋಮಾನ್. ಅದರ ಮೇಲೆ 'ಸಾವಿರ' ಅನ್ನುವುದನ್ನೂ ನುಂಗಿಬಿಡುತ್ತಾರೆ. ಸರಿ, ಇದು ನನ್ನದೇ ತಪ್ಪು. ಆದರೆ ಮರುದಿನ ವಾಪಸ್ ಕರೆದೊಯ್ಯುವುದೂ ಅದರಲ್ಲೇ ಸೇರಿದೆ ಎಂದು ತಲೆಯಾಡಿಸಿದ್ದ ಮನುಷ್ಯ, ದುಡ್ಡು ಎಣಿಸಿಕೊಂಡು ಹೋದವನು ಮತ್ತೆ ಬರಲೇ ಇಲ್ಲ. ಬಾಡಿಗೆಯನ್ನು ಫೋನಿನಲ್ಲಿ ಬರೆಸಿಕೊಳ್ಳಿ. ಅರ್ಧ ದುಡ್ಡನ್ನು ನೀವು ವಾಪಸ್ ಬಂದು ಇಳಿದ ಮೇಲೆ ಕೊಡಿ. ನಮ್ಮ ಬ್ಯಾಂಕ್ ಕಾರ್ಡು ಅಲ್ಲಿ ನಡೆಯುವುದಿಲ್ಲ, ಎಲ್ಲ ನಗದೇ.

ಬಂಡೆ ಕೊರೆದು ಮಾಡಿದ ಮನೆಗಳ ಫೋಟೊ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡಿ. 2006ರ ಜನಗಣತಿಯಲ್ಲಿ ಇಲ್ಲಿ 673 ಜನ ಇದ್ದರು ಎಂದು ಓದಿಕೊಂಡು ಹೋಗಿದ್ದೆ. ಮೇ ತಿಂಗಳಲ್ಲಿ ಹೋದ ನನಗೆ ಸಿಕ್ಕವರು ಹತ್ತು ಹನ್ನೆರಡು ಮಂದಿ, ಜಾಸ್ತಿ ವಯಸ್ಸಾದವರೇ. ಬಾಗಿಲುಗಳಿಗೆಲ್ಲ ಬೀಗ. ಗದ್ದಲ ನನಗೂ ಆಗುವುದಿಲ್ಲ, ಆದರೆ ಇಷ್ಟು ಖಾಲಿಯೂ ಬೇಡ ಅಲ್ವಾ?

ಉಳಿದುಕೊಂಡ ಮನೆಯ ಅಜ್ಜಿ ವಿಷಯ ಬಿಡಿಸಿ ಹೇಳಿದರು. ಅವರದು ಪಾರ್ಸಿ ಭಾಷೆ, ನನಗೆ ಫೋನಿನ ಅನುವಾದವೇ ಗತಿ. ಗುಹೆಮನೆ ಇರುವುದು ಚಳಿಗಾಲಕ್ಕೆ. ಚಳಿ ಮುಗಿಯುತ್ತಿದ್ದಂತೆ ಕುರಿ ಮೇಕೆ ಹೊಡೆದುಕೊಂಡು 'ಸರ್-ಎ-ಆಗೋಲ್'ಗೆ ಹೋಗುತ್ತಾರೆ, ಅಂದರೆ ಕುರಿದೊಡ್ಡಿ ಇರುವ ಕಡೆಗೆ. ಬೇಸಿಗೆಗೆ 'ಸರ್-ಎ-ಬಾಗ್', ತೋಟದ ಕಡೆಗೆ. ನಮ್ಮ ಲಾಲ್‌ಬಾಗಿನ ಬಾಗೇ ಅದು! ಆ ಒಂದು ಪದ ತಾನಾಗಿಯೇ ಅರ್ಥವಾಯಿತು. ಹಾಗಾದರೆ ಊರಲ್ಲಿ ಒಟ್ಟು ಎಷ್ಟು ಜನ ಎಂದು ಕೇಳಿದೆ. "ಜೆಮೆಸ್ತಾನ್" ಎಂದು ನಕ್ಕರು. ಚಳಿಗಾಲದಲ್ಲಿ ಬಂದು ಎಣಿಸು ಅಂತ.

ಇನ್ನು ಊಟ. ಕಲೆಜೂಶ್ ಎಂಬ ಒಂದು ಪದಾರ್ಥ ಇದೆ, ಸಸ್ಯಾಹಾರಿಗಳು ಹೆಸರು ಬರೆದಿಟ್ಟುಕೊಳ್ಳಿ. ಮಜ್ಜಿಗೆಯನ್ನು ಬತ್ತಿಸಿ ಒಣಗಿಸಿದ ಕಶ್ಕ್ ಅನ್ನು ನೀರಲ್ಲಿ ಕರಗಿಸಿ ಕುದಿಸುತ್ತಾರೆ. ಮೇಲೆ ಕೆಂಪಗೆ ಹುರಿದ ಈರುಳ್ಳಿ, ಒಣ ಪುದೀನ, ಅಕ್ರೋಟು. ಅದಕ್ಕೆ ರೊಟ್ಟಿ ಮುರಿದು ಹಾಕಿ, ನೆನೆದ ಮೇಲೆ ತಿನ್ನಬೇಕು. ಹುಳಿ, ಉಪ್ಪು, ಸ್ವಲ್ಪ ಹೊಗೆ ವಾಸನೆ. ಮಜ್ಜಿಗೆ ಹುಳಿಗೆ ದೂರದ ಅಣ್ಣ ಅನ್ನಬಹುದು. ಎರಡು ಬಟ್ಟಲು ಮುಗಿಸಿದೆ, ರಾತ್ರಿಗೂ ಅದನ್ನೇ ಕೇಳಿದೆ. ಕೊಟ್ಟದ್ದು ಟ್ಯಾಕ್ಸಿ ದುಡ್ಡಿನ ಹತ್ತನೇ ಒಂದು ಭಾಗವೂ ಇಲ್ಲ. ಅದಕ್ಕೂ ಅಜ್ಜಿ ಮೂರು ಸಲ ಬೇಡ ಅಂದರು. ಅದು ಅಲ್ಲಿನ ಉಪಚಾರ, ನಿಜವೆಂದು ನಂಬಿ ಜೇಬಿಗೆ ವಾಪಸ್ ಹಾಕಿಕೊಳ್ಳಬೇಡಿ.

ಕೋಣೆ ಪರವಾಗಿಲ್ಲ. ಒಲೆ ಹೊಗೆಗೆ ಗೋಡೆ, ಸೂರು ಎಲ್ಲ ಕಪ್ಪು. ನೆಲದ ಮೇಲೆ ಹಾಸಿಗೆ, ಸೊಂಟ ನೋವಿನವರು ಯೋಚಿಸಿ.

ಮರುದಿನ ಒಂದು ಪಿಕಪ್ ವ್ಯಾನ್ ನಿಲ್ಲಿಸಿ ಹತ್ತಿಸಿಕೊಂಡರು. ದಾರಿಯಲ್ಲಿ ಕುರಿದೊಡ್ಡಿ ಹತ್ತಿರ ಮೇವು ಇಳಿಸಲು ನಿಂತಿತು. ಗಂಡಸರು, ಹೆಂಗಸರು, ಮಕ್ಕಳು, ನಾಯಿ, ನೂರಾರು ಮೇಕೆ. ನಾನು ಹುಡುಕುತ್ತಿದ್ದ ಊರು ಅಲ್ಲಿತ್ತು. ಹತ್ತು ನಿಮಿಷ ಸಿಕ್ಕಿತು, ಅಷ್ಟೇ. ಚಳಿಗಾಲಕ್ಕೆ ಹೋಗುವವರು ದಪ್ಪ ಉಣ್ಣೆ ಸಾಕ್ಸ್ ಇಟ್ಟುಕೊಳ್ಳಿ, ಗುಹೆಯೊಳಗೆ ಚಪ್ಪಲಿ ಬಿಟ್ಟೇ ಹೋಗಬೇಕು.