ಅಭ್ಯಾಸದ ಕೊನೆಯ 20 ನಿಮಿಷ

‘ನಾನು ಮಕ್ಕಳ ಬಣ್ಣ ನೋಡುವುದಿಲ್ಲ, ಆಟ ನೋಡುತ್ತೇನೆ’ ಎಂದು ಹೇಳುವ ಕೋಚ್ ಹೆಚ್ಚಾಗಿ ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಅಂದು ಯಾರಿಗೆ ಏನಂದೆ ಎಂದು ಮೈದಾನ ಬಿಡುವಾಗ ಕೇಳಿ ನೋಡಿ, ಅರ್ಧವೂ ನೆನಪಿರುವುದಿಲ್ಲ. ಅದಕ್ಕೇ ಅಭ್ಯಾಸದ ದಿನ ಸಹಾಯಕ ಕೋಚ್ ಕೈಯಲ್ಲಿ ಒಂದು ಹಾಳೆ ಇರಬೇಕು. ಎಡಗಡೆ ಮಕ್ಕಳ ಹೆಸರು, ಎದುರಿಗೆ ನಾಲ್ಕು ಕಾಲಂ: ವೇಗಕ್ಕೆ ಅಥವಾ ಬಲಕ್ಕೆ ಸಿಕ್ಕ ಶಹಬ್ಬಾಸ್, ಯೋಚನೆಗೆ ಸಿಕ್ಕ ಶಹಬ್ಬಾಸ್, ತಪ್ಪಿನ ಕಾರಣ ಹೇಳಿ ತಿದ್ದಿದ್ದು, ಬರೀ ಗದರಿದ್ದು. ಶುರುವಿನಲ್ಲಿ ಕೋಚ್ ಮಾತನ್ನು ತೂಗಿ ಆಡುತ್ತಾನೆ. ಹಾಗಾಗಿ ಪಂದ್ಯದಂತೆ ಆಡಿಸುವ ಕೊನೆಯ 20 ನಿಮಿಷ, ಅವನ ಮಾತಿಗೊಂದರಂತೆ ಗೀಟು ಹಾಕಿದರೆ ಸಾಕು.

ಶಹಬ್ಬಾಸನ್ನು ಎರಡಾಗಿ ಒಡೆಯುವುದು ಸುಮ್ಮನೆ ಅಲ್ಲ. ಯುರೋಪಿನ ಫುಟ್‌ಬಾಲ್ ಕಾಮೆಂಟರಿಯ ಬಗ್ಗೆ 2020ರಲ್ಲಿ ಬಂದ ಅಧ್ಯಯನವೊಂದರಲ್ಲಿ ತಿಳಿಬಣ್ಣದ ಆಟಗಾರರಿಗೆ ಜಾಣತನದ ಹೊಗಳಿಕೆ, ಕಪ್ಪು ಬಣ್ಣದವರಿಗೆ ವೇಗ, ಬಲದ ಮಾತು ಹೆಚ್ಚು ಸಿಕ್ಕಿತ್ತು. ಮೊತ್ತ ಸಮವಾಗಿದ್ದರೂ ಒಳಗಿನ ಹಂಚಿಕೆ ಓರೆಯಾಗಿರಬಹುದು. ಆ ಓರೆ ಸ್ಥಾನ ಹಂಚುವಾಗಲೂ ಇಣುಕುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗದಿಂದ ಕಪ್ಪು ಹುಡುಗರನ್ನು ಬಹುಕಾಲ ಬೇರೆ ಜಾಗಗಳಿಗೆ ಸರಿಸಲಾಗುತ್ತಿತ್ತು. ಆ ಜಾಗದಲ್ಲಿ ಆಡಿ ಆ ಆಟದ ವರ್ಷದ ಫೈನಲ್ ಆದ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಆಟಗಾರ ಡಗ್ ವಿಲಿಯಮ್ಸ್, ಅದು 1988ರಲ್ಲಿ. ಹಾಗಾಗಿ ಹಾಳೆಯ ಹಿಂಬದಿಯಲ್ಲಿ ಮಧ್ಯದಲ್ಲಿ ಯಾರು ನಿಂತರು, ಅಂಚಿಗೆ ಯಾರು ಹೋದರು ಎಂಬುದನ್ನೂ ಬರೆಯಿರಿ.

ಹೆಚ್ಚಿನವರು ಎಡವುವುದು ಹಾಳೆ ನೋಡಿದ ಮರುದಿನ. ಕಡಿಮೆ ಗೀಟು ಬಿದ್ದ ಮಗುವಿಗೆ ಕಾಲಿಗೆ ಚೆಂಡು ತಾಗಿದರೂ ಚಪ್ಪಾಳೆ, ತಪ್ಪು ಮಾಡಿದರೆ ಮೌನ! ಮಕ್ಕಳಿಗೆ ಇದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ತಿದ್ದದೆ ಬಿಡುವುದೆಂದರೆ ಆ ಮಗುವಿನಿಂದ ಹೆಚ್ಚೇನನ್ನೂ ನಿರೀಕ್ಷಿಸುತ್ತಿಲ್ಲ ಎಂದಂತೆ. ಗದರಿದ್ದಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ. ಹೆಚ್ಚಿಸಬೇಕಾದದ್ದು ಮೂರನೇ ಕಾಲಂ: ‘ಪಾಸ್ ತಡವಾಯಿತು, ಚೆಂಡು ಬರುವ ಮೊದಲೇ ಭುಜದ ಹಿಂದೆ ನೋಡು’ ಎನ್ನುವಂಥ ಮಾತು. ಇನ್ನೊಂದು ಎಡವಟ್ಟು, ಎಲ್ಲರನ್ನೂ ಸುತ್ತ ಕೂರಿಸಿ ‘ಈ ಬಣ್ಣಭೇದ ನಿನಗೆ ಹೇಗನ್ನಿಸುತ್ತದೆ, ಹೇಳು’ ಎಂದು ಆ ಮಗುವನ್ನೇ ಕೇಳುವುದು. ಪಾಠ ಹೇಳಿಕೊಡುವ ಹೊರೆ ಅದರದ್ದಲ್ಲ.

ಹೆಸರಿನ ಉಚ್ಚಾರಣೆಯನ್ನು ಮಾತ್ರ ಮಗುವನ್ನೇ ಕೇಳಿ, ಕಿವಿಗೆ ಬಿದ್ದಂತೆ ಬರೆದಿಟ್ಟುಕೊಳ್ಳಿ. ನಾಲಿಗೆ ಹೊರಳದಿದ್ದರೆ ಅಡ್ಡಹೆಸರು ಇಡುವ ಹಕ್ಕು ನಮಗಿಲ್ಲ.

ಬಣ್ಣ ಹಿಡಿದು ಬೈಗುಳ ಬಿದ್ದರೆ ಆಟ ಅಲ್ಲೇ ನಿಲ್ಲಬೇಕು. ದೊಡ್ಡವರ ಪಂದ್ಯಗಳಿಗೆ ಫುಟ್‌ಬಾಲ್‌ನ ಜಾಗತಿಕ ಸಂಸ್ಥೆ ಫಿಫಾ ಮೂರು ಹಂತ ಇಟ್ಟಿದೆ: ಆಟ ನಿಲ್ಲಿಸುವುದು, ಕೆಲಹೊತ್ತು ಎಲ್ಲರನ್ನೂ ಹೊರಗೆ ಕರೆಯುವುದು, ಕೊನೆಗೆ ಪಂದ್ಯವನ್ನೇ ಕೈಬಿಡುವುದು. ಮಕ್ಕಳ ಅಭ್ಯಾಸದಲ್ಲಿ ಮೊದಲು ಬೈಸಿಕೊಂಡ ಮಗುವಿನ ಬಳಿ ಹೋಗಿ. ಬೈದವನನ್ನು ವಿಚಾರಿಸುವುದು ಆಮೇಲೆ. ಆಡಿದ ಮಾತನ್ನು ಇದ್ದಂತೆಯೇ ಬರೆದಿಡಿ, ಅಂದೇ ಎರಡೂ ಮನೆಗೆ ತಿಳಿಸಿ. ಕೈ ಕುಲುಕಿಸಿ ಮುಗಿಸುವ ಅವಸರ ಬೇಡ.

ಒಂದು ದಿನದ ಗೀಟುಗಳಿಂದ ತೀರ್ಮಾನಕ್ಕೆ ಬರಲಾಗದು. ನಾಲ್ಕು ಅಭ್ಯಾಸಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪ್ರತಿಸಲ ಒಬ್ಬರೇ ಬರೆಯುವುದೂ ಬೇಡ. ಕೋಚ್‌ಗೆ ಯಾವ ಲೆಕ್ಕ ಹಿತವೆನ್ನುವುದು ಸಹಾಯಕನಿಗೆ ಬೇಗ ಗೊತ್ತಾಗಿಬಿಡುತ್ತದೆ.