ಹತ್ತು ಅಡಿಕೆ ಮತ್ತು ಉಪ್ಪಿ

ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ. ಆರು ಜನ ಮೆಟ್ಟುಕತ್ತಿ ಹಾಕಿಕೊಂಡು ಕೂತಿದ್ದೆವು. ಉಳಿದವರ ಬುಟ್ಟಿ ತುಂಬುತ್ತಿತ್ತು, ನನ್ನದಿನ್ನೂ ತಳ ಮುಚ್ಚಿರಲಿಲ್ಲ. ಕೈ ಓಡದವನಿಗೆ ಬಾಯಿ ಓಡುತ್ತೆ, ಅಲ್ವಾ? ಉಪೇಂದ್ರ ನಿರ್ದೇಶಿಸಿದ ಸಿನಿಮಾಗಳಲ್ಲಿ ಯಾವುದು ಫಸ್ಟು ಅಂತ ಸುಮ್ನೆ ಕೇಳಿದೆ.

‘ರಕ್ತ ಕಣ್ಣೀರು’ ಅಂದಳು ಪಕ್ಕದ ಮನೆಯ ಹುಡುಗಿ, ತಲೆ ಎತ್ತದೆ. ಅದರಲ್ಲಿ ಉಪ್ಪಿ ನಟ ಮಾತ್ರ, ನಿರ್ದೇಶನ ಸಾಧು ಕೋಕಿಲ ಅವರದ್ದು ಅಂದೆ. ನಂಬಲಿಲ್ಲ. ಕೊನೆಗೆ ಹತ್ತು ಹಸಿ ಅಡಿಕೆ ಸಾಲಾಗಿ ಇಟ್ಟು ಲೆಕ್ಕ ಹಾಕಿದೆ. 1992ರ ‘ತರ್ಲೆ ನನ್ಮಗ’ದಿಂದ 2024ರ ‘ಯುಐ’ವರೆಗೆ, ಕನ್ನಡದಲ್ಲಿ ಹತ್ತೇ.

ಭಾವ ‘ಓಂ’ ಅನ್ನುವ ಅಡಿಕೆಯನ್ನು ಎತ್ತಿ ಮುಂದಿಟ್ಟ. ಶಿವಣ್ಣ, ಅದರ ಮೇಲೆ ನಿಜವಾದ ರೌಡಿಗಳು. ‘ಇನ್ನೆಂತ ಬೇಕಾ ನಿಂಗೆ?’ ಬೇಡ ಅನ್ನಲಿಲ್ಲ ನಾನು. ಆದರೆ ಉಪ್ಪಿ ಅಂದರೆ ನನಗೆ ‘ಎ’. 1998ರಲ್ಲಿ ಇದೇ ಭಾವನ ಜೊತೆ ಶಿವಮೊಗ್ಗಕ್ಕೆ ಹೋಗಿ ನೋಡಿದ್ದೆ. ‘ಬುದ್ಧಿವಂತರಿಗೆ ಮಾತ್ರ’ ಅಂತ ಮೊದಲೇ ಹೇಳಿಬಿಟ್ಟಿದ್ದರಲ್ಲ, ಹಾಗಾಗಿ ಅರ್ಥ ಆಗಲಿಲ್ಲ ಅನ್ನಲು ಇಬ್ಬರಿಗೂ ನಾಚಿಕೆ. ಬಸ್ಸಲ್ಲಿ ಮಂಡಗದ್ದೆ ಬರುವವರೆಗೂ ಆ ಹಿಂದುಮುಂದಾದ ಕಥೆಯನ್ನು ಜೋಡಿಸಿದೆವು. ಅವನ ಕಥೆಯೇ ಬೇರೆ, ನನ್ನದೇ ಬೇರೆ. ಸಿನಿಮಾ ಮುಗಿದ ಮೇಲೂ ಹೀಗೆ ಕೆಲಸ ಹಚ್ಚುವುದೇ ಅವರ ಕಸುಬು ಅಂತ ನನ್ನ ವಾದ.

‘ಹೆಣ್ಣುಮಕ್ಕಳಿಗೆ ಬೈದಿದ್ದು ಅರ್ಥ ಆಯ್ತಲ್ಲ, ಸಾಕು’ ಅಂದರು ಅತ್ತೆ.

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ‘ಎ’, ‘ಉಪೇಂದ್ರ’ ಎರಡರಲ್ಲೂ ಕೆಲವು ಮಾತಿಗೆ ಆಗ ಶಿಳ್ಳೆ ಹೊಡೆದವನೇ ನಾನು. ಈಗ ಮಗಳ ಪಕ್ಕ ಕೂತು ನೋಡಲಾರೆ. ಆದರೂ ಮೊದಲ ಜಾಗದಿಂದ ‘ಎ’ ಕೀಳಲು ಮನಸ್ಸು ಬರಲಿಲ್ಲ. ಅತ್ತೆಯ ಓಟು ‘ಶ್!’ಗೆ. ಶೂಟಿಂಗಿಗೆ ಹೋದವರಿಗೆ ದೆವ್ವದ ಕಾಟ. ನೋಡಿ ಬಂದ ಮೇಲೆ ವಾರ ಪೂರ್ತಿ ಬಚ್ಚಲಿಗೆ ಒಬ್ಬರೇ ಹೋಗಿರಲಿಲ್ಲವಂತೆ. ಇದಕ್ಕಿಂತ ಗಟ್ಟಿ ಕಾರಣ ನಮ್ಮ ಯಾರ ಹತ್ತಿರವೂ ಇರಲಿಲ್ಲ.

‘ಆಪರೇಷನ್ ಅಂತ’, ‘ಸ್ವಸ್ತಿಕ್’ ಪರ ಯಾರೂ ಬಾಯಿ ಬಿಡಲಿಲ್ಲ. 2030ರ ಭಾರತ ತೋರಿಸಿದ ‘ಸೂಪರ್’ ಮಧ್ಯದಲ್ಲಿ ನಿಂತಿತು. ‘ಯುಐ’ ಕೊನೆಗಿಟ್ಟೆ. ಹುಡುಗಿ ಚೊಗರು ಹತ್ತಿದ ಕಪ್ಪು ಬೆರಳಲ್ಲಿ ಅದನ್ನು ಮೂರನೆಯ ಜಾಗಕ್ಕೆ ತಳ್ಳಿದಳು. ನಾನು ಹಿಂದೆ ತಂದೆ. ಮತ್ತೆ ತಳ್ಳಿದಳು. ‘ನಿಮಗೆ ಅರ್ಥ ಆಗ್ಲಿಲ್ಲ ಮಾಮ.’ 1998ರಲ್ಲಿ ನಾನು ದೊಡ್ಡವರಿಗೆ ಹೇಳುತ್ತಿದ್ದ ಮಾತೇ ಅದು!

ಜಗಳ ‘ಎ’ ಮೇಲೋ ‘ಓಂ’ ಮೇಲೋ ಅನ್ನುವಲ್ಲಿಗೇ ಬಂದು ನಿಂತಿತು. ಭಾವ ಒಂದು ಸಲ ಅಡಿಕೆ ಅದಲು ಬದಲು ಮಾಡಿದ, ನಾನೊಂದು ಸಲ. ಅತ್ತೆ ಕೈ ಚಾಚಿ ಮುಂದಿದ್ದ ಎರಡನ್ನೂ ಎತ್ತಿಕೊಂಡರು. ಕತ್ತಿಗೆ ಕೊಟ್ಟು, ಸಿಪ್ಪೆ ಬಿಡಿಸಿ ಬುಟ್ಟಿಗೆ ಹಾಕಿದರು.

‘ಉಳಿದ ಎಂಟು ಕೊಡಾ ಇತ್ಲಾಗೆ. ಬೆಳಿಗ್ಗೆ ಬೇಯಿಸ್ಬೇಕು.’